ಮಳೆಗೆ ಮುನ್ನ ಬರುವ ತಲೆನೋವು: ವಾಯುಭಾರ ಮತ್ತು ಮೈಗ್ರೇನ್



ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತವುಂಟಾಗಿದೆ ಎಂಬ ವಾರ್ತೆ ಬಿತ್ತರಗೊಂಡೊಡನೆ ಚೆನ್ನೈ ನಗರದಲ್ಲಿ ಹಲವರು ಕೊಡೆಯನ್ನು ಹುಡುಕುತ್ತಾರೆ. ಕೆಲವರು ತಲೆನೋವಿನ ಮಾತ್ರೆಯನ್ನು ಹುಡುಕುತ್ತಾರೆ. ಮುಂಬೈಯಲ್ಲಿ ಮುಂಗಾರಿಗೆ ಮುಂಚಿನ ಬೇಯಿಸುವ ಸೆಖೆ, ದೆಹಲಿಯಲ್ಲಿ ಮೇ ತಿಂಗಳ ಲೂ ಗಾಳಿ ಮತ್ತು ಧೂಳಿನ ಬಿರುಗಾಳಿ, ಪುಣೆ ಹಾಗೂ ಹೈದರಾಬಾದುಗಳಲ್ಲಿ ಏಪ್ರಿಲ್ ಸಂಜೆಯ ಗುಡುಗುಮೋಡ, ಇವೆಲ್ಲವೂ ಕೆಲವರ ಪಾಲಿಗೆ ಹಣೆಯ ಒಂದು ಪಾರ್ಶ್ವದ ಮಿಡಿತದೊಡನೆಯೇ ಬರುತ್ತವೆ. “ಮಳೆ ಬರುವುದಿದೆ, ತಲೆ ಆಗಲೇ ಹೇಳುತ್ತಿದೆ” ಎನ್ನುವ ಹಿರಿಯರು ಅನೇಕ ಕುಟುಂಬಗಳಲ್ಲಿದ್ದಾರೆ. ಈ ಮಾತು ಬರಿಯ ನಂಬಿಕೆಯೇ ಅಥವಾ ಇದಕ್ಕೆ ದೇಹಶಾಸ್ತ್ರದ ಆಧಾರವಿದೆಯೇ ಎಂಬುದು ಇಂದಿನ ವಿಷಯ. ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ತಲೆನೋವಿನ ಹೊಣೆಯನ್ನು ಪೂರ್ತಿಯಾಗಿ ಆಕಾಶಕ್ಕೆ ಹೊರಿಸಿದವರು ಸಾಮಾನ್ಯವಾಗಿ ವೈದ್ಯರ ಬಳಿಗೆ ಹೋಗುವುದಿಲ್ಲ. ಆಕಾಶವನ್ನು ಬದಲಿಸಲಾಗದೆಂದು ತಿಳಿದು, ಔಷಧದಂಗಡಿಯ ಮಾತ್ರೆಗಳನ್ನು ನುಂಗುತ್ತಾ ವರ್ಷಗಳನ್ನು ಕಳೆಯುತ್ತಾರೆ. ಕೆಲವು ಕಾಲದ ಮೇಲೆ ಆ ಮಾತ್ರೆಗಳೇ ಹೊಸ ತಲೆನೋವಿಗೆ ಕಾರಣವಾಗುತ್ತವೆ.

ಮೈಗ್ರೇನ್ ಎಂಬುದು ಹೊಸ ಕಾಯಿಲೆಯಲ್ಲ. ಆಯುರ್ವೇದದಲ್ಲಿ ಇದನ್ನು ಹೋಲುವ ವ್ಯಾಧಿಗೆ ಅರ್ಧಾವಭೇದಕ ಎಂಬ ಹೆಸರಿದೆ. ಜನರ ಬಾಯಲ್ಲಿ ಅದು ಅರೆತಲೆನೋವು. ಚರಕಸಂಹಿತೆಯ ಸಿದ್ಧಿಸ್ಥಾನದಲ್ಲಿ ಈ ವ್ಯಾಧಿಯ ಕಾರಣಗಳನ್ನು ಹೇಳುವಾಗ ಒಣ ಆಹಾರ, ಅತಿಭೋಜನ ಹಾಗೂ ಆಯಾಸಗಳ ಜೊತೆಗೆ ಮೂಡಣ ಗಾಳಿ ಮತ್ತು ಮಂಜುಗಳನ್ನೂ ಸೇರಿಸಲಾಗಿದೆ. ಎಂದರೆ ಹವೆಗೂ ತಲೆನೋವಿಗೂ ನಂಟಿದೆಯೆಂಬ ಅವಲೋಕನ ಈ ನೆಲದಲ್ಲಿ ಬಹು ಹಳೆಯದು. ಆಧುನಿಕ ವೈದ್ಯಶಾಸ್ತ್ರದ ಪ್ರಕಾರ ಮೈಗ್ರೇನ್ ಮೆದುಳು ಹಾಗೂ ನರಮಂಡಲಕ್ಕೆ ಸಂಬಂಧಿಸಿದ, ಬಹುಮಟ್ಟಿಗೆ ವಂಶಪಾರಂಪರ್ಯವಾಗಿ ಬರುವ ಪ್ರವೃತ್ತಿ. ಚಿಕಿತ್ಸೆಯಿಲ್ಲದಿದ್ದರೆ ನೋವು 4 ಗಂಟೆಗಳಿಂದ 72 ಗಂಟೆಗಳವರೆಗೆ ಇರುತ್ತದೆ, ಅದು ಬಹುಶಃ ತಲೆಯ ಒಂದು ಬದಿಯಲ್ಲಿ, ಮಿಡಿಯುವ ರೀತಿಯಲ್ಲಿ ಕಾಣಿಸಿಕೊಳ್ಳುತ್ತದೆ, ನಡೆದಾಡಿದರೆ ಹೆಚ್ಚುತ್ತದೆ, ವಾಕರಿಕೆ ಬರುತ್ತದೆ, ಬೆಳಕು ಮತ್ತು ಸದ್ದು ಸಹಿಸುವುದಿಲ್ಲ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡರಿಂದ ಮೂರು ಪಟ್ಟು ಹೆಚ್ಚು.

ಇದರ ವ್ಯಾಪ್ತಿ ಎಷ್ಟೆಂಬುದಕ್ಕೆ ಕರ್ನಾಟಕದಲ್ಲೇ ನಡೆದ ಒಂದು ಸಮೀಕ್ಷೆಯ ಆಧಾರವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ತಜ್ಞರು ನಗರ ಮತ್ತು ಗ್ರಾಮಾಂತರ ಪ್ರದೇಶಗಳ 2,329 ವಯಸ್ಕರನ್ನು ಮನೆಮನೆಗೆ ಹೋಗಿ ವಿಚಾರಿಸಿ 2015ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಒಂದು ವರ್ಷದ ಅವಧಿಯಲ್ಲಿ ನೂರರಲ್ಲಿ ಸುಮಾರು 25 ಜನರಿಗೆ ಮೈಗ್ರೇನ್ ಬಂದಿತ್ತು. ನಾಲ್ವರಲ್ಲಿ ಒಬ್ಬರು! ಹೀಗಿದ್ದೂ ಇದನ್ನು ಕಾಯಿಲೆಯೆಂದು ಎಣಿಸದೆ “ಬರೀ ತಲೆನೋವು” ಎಂದು ಬದಿಗೊತ್ತುವುದು ರೂಢಿಯಾಗಿದೆ.

ಈಗ ವಾಯುಭಾರದ ಮಾತು. ಭೂಮಿಯನ್ನು ಸುತ್ತುವರಿದ ಗಾಳಿಗೂ ತೂಕವುಂಟು. ಸಮುದ್ರಮಟ್ಟದಲ್ಲಿ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಅದು ಸುಮಾರು ಒಂದು ಕಿಲೋಗ್ರಾಂ ಭಾರ ಹೇರುತ್ತದೆ. ಇಟಲಿಯ ಟಾರಿಚೆಲ್ಲಿ 1643ರಲ್ಲಿ ಪಾದರಸದ ಕೊಳವೆಯಿಂದ ಇದನ್ನು ತೋರಿಸಿಕೊಟ್ಟನು. ಇಂದು ಈ ಭಾರವನ್ನು ಹೆಕ್ಟೋಪಾಸ್ಕಲ್ ಎಂಬ ಮಾನದಲ್ಲಿ ಹೇಳುತ್ತಾರೆ. ಹಳೆಯ ಪಠ್ಯಪುಸ್ತಕಗಳ ಮಿಲಿಬಾರ್ ಎಂಬುದೂ ಅದೇ ಅಳತೆ. ಸಮುದ್ರಮಟ್ಟದ ಪ್ರಮಾಣಿತ ಒತ್ತಡ 1013 ಹೆಕ್ಟೋಪಾಸ್ಕಲ್‌ಗಿಂತ ತುಸು ಹೆಚ್ಚು. ಮೇಲೇರಿದಂತೆ ಇದು ಕಡಿಮೆಯಾಗುತ್ತದೆ. ಸುಮಾರು 920 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಚೆನ್ನೈಗಿಂತ ಸುಮಾರು 100 ಹೆಕ್ಟೋಪಾಸ್ಕಲ್ ಕಡಿಮೆ. ಬೆಂಗಳೂರಿನಿಂದ ಚೆನ್ನೈಗೆ ಅಥವಾ ಮುಂಬೈಗೆ ಬಂದು ನೆಲೆಸಿದವರ ದೇಹ ಈ ಶಾಶ್ವತ ವ್ಯತ್ಯಾಸಕ್ಕೆ ಬೇಗನೆ ಹೊಂದಿಕೊಳ್ಳುತ್ತದೆ. ತಲೆನೋವಿನ ಚರ್ಚೆಯಲ್ಲಿ ಮುಖ್ಯವಾದದ್ದು ಒತ್ತಡದ ಮಟ್ಟವಲ್ಲ, ಅದರ ಏರಿಳಿತ.

ಉಷ್ಣವಲಯದಲ್ಲಿ ಈ ಏರಿಳಿತಕ್ಕೆ ಒಂದು ದೈನಂದಿನ ಲಯವಿದೆ. ಇದನ್ನು ಬಲ್ಲವರು ಕಡಿಮೆ. ಸಮುದ್ರದ ಭರತ ಇಳಿತಗಳಂತೆ ವಾಯುಮಂಡಲವೂ ದಿನಕ್ಕೆ ಎರಡು ಬಾರಿ ಉಬ್ಬಿ ಇಳಿಯುತ್ತದೆ. ಬೆಳಿಗ್ಗೆ ಮತ್ತು ರಾತ್ರಿ ಸುಮಾರು 10 ಗಂಟೆಗೆ ಒತ್ತಡ ಹೆಚ್ಚು. ಬೆಳಗಿನ ಜಾವ ಮತ್ತು ಸಂಜೆ ಸುಮಾರು 4 ಗಂಟೆಗೆ ಕಡಿಮೆ. ಭಾರತದ ನಗರಗಳಲ್ಲಿ ಬೆಳಗಿನ ಹತ್ತಕ್ಕೂ ಸಂಜೆಯ ನಾಲ್ಕಕ್ಕೂ ನಡುವೆ 3–4 ಹೆಕ್ಟೋಪಾಸ್ಕಲ್ ಇಳಿಯುವುದು ಪ್ರತಿದಿನದ ಸಂಗತಿ. ಋತುಮಾನದ ವ್ಯತ್ಯಾಸ ಇದಕ್ಕಿಂತ ದೊಡ್ಡದು: ದೆಹಲಿಯಲ್ಲಿ ಜನವರಿಗೂ ಜುಲೈಗೂ ಸುಮಾರು 20 ಹೆಕ್ಟೋಪಾಸ್ಕಲ್ ಅಂತರವಿರುತ್ತದೆ, ಆದರೆ ಅದು ತಿಂಗಳುಗಟ್ಟಲೆ ನಿಧಾನವಾಗಿ ಆಗುವ ಬದಲಾವಣೆ. ಚಂಡಮಾರುತ ಸಮೀಪಿಸಿದಾಗ ಮಾತ್ರ ಕೆಲವೇ ಗಂಟೆಗಳಲ್ಲಿ ದೊಡ್ಡ ಕುಸಿತ ಸಂಭವಿಸುತ್ತದೆ. 2016ರ ಡಿಸೆಂಬರ್ 12ರಂದು ವರ್ಧಾ ಚಂಡಮಾರುತ ಚೆನ್ನೈಯನ್ನು ದಾಟಿದ ದಿನ ಅಂಥದು.

ಈ ಏರಿಳಿತಕ್ಕೂ ಮೈಗ್ರೇನಿಗೂ ಸಂಬಂಧವುಂಟೇ ಎಂದು ಹಲವು ದೇಶಗಳಲ್ಲಿ ಪರೀಕ್ಷಿಸಲಾಗಿದೆ. ಜಪಾನಿನ ಉತ್ಸುನೋಮಿಯಾ ನಗರದಲ್ಲಿ 28 ರೋಗಿಗಳು ಬರೆದ ತಲೆನೋವಿನ ದಿನಚರಿಯನ್ನು ಅಲ್ಲಿಯ ಹವಾಮಾನದ ದಾಖಲೆಯೊಡನೆ ಹೋಲಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಒಂದು ದಿನದಿಂದ ಮರುದಿನಕ್ಕೆ ಒತ್ತಡವು 5 ಹೆಕ್ಟೋಪಾಸ್ಕಲ್‌ಗಿಂತ ಹೆಚ್ಚು ಇಳಿಯುವಂತಿದ್ದಾಗ, ಆ ಮೊದಲ ದಿನದಲ್ಲೇ ಮೈಗ್ರೇನ್ ಹೆಚ್ಚಾಗಿ ಬಂದಿತ್ತು. ಒತ್ತಡ ಏರುವಂತಿದ್ದಾಗ ಕಡಿಮೆಯಾಗಿತ್ತು. ಮಳೆಗೆ ಮುನ್ನವೇ ತಲೆ ಹೇಳುತ್ತದೆ ಎಂಬ ಹಿರಿಯರ ಮಾತಿಗೆ ಇದು ಒಂದಿಷ್ಟು ಬೆಂಬಲವೆನ್ನಬಹುದು. ಅದೇ ದೇಶದಲ್ಲಿ 4,375 ಮಂದಿ ಮೊಬೈಲ್ ದೂರವಾಣಿಯ ಮೂಲಕ ದಾಖಲಿಸಿದ ತಲೆನೋವುಗಳನ್ನು ಪರಿಶೀಲಿಸಿದ 2023ರ ಅಧ್ಯಯನದಲ್ಲೂ ಕಡಿಮೆ ಒತ್ತಡ, ತೇವಾಂಶ ಮತ್ತು ಮಳೆಗೆ ಸಂಬಂಧ ಕಂಡುಬಂದಿತು.

ಆದರೆ ಎಲ್ಲ ಸಾಕ್ಷ್ಯವೂ ಒಂದೇ ದಿಕ್ಕಿನದಲ್ಲ. ಆಸ್ಟ್ರಿಯಾದ ವಿಯೆನ್ನಾದಲ್ಲಿ 238 ರೋಗಿಗಳ ದಿನಚರಿಗಳನ್ನು ಪರಿಶೀಲಿಸಿದಾಗ ಹವೆಯ ಪ್ರಭಾವ ಅತ್ಯಲ್ಪವೆಂದೂ ಸಂದೇಹಾಸ್ಪದವೆಂದೂ ತೋರಿತು. ಅಮೆರಿಕದ ಬಾಸ್ಟನ್ ನಗರದ ಆಸ್ಪತ್ರೆಯೊಂದರ ತುರ್ತು ವಿಭಾಗಕ್ಕೆ ತಲೆನೋವಿನಿಂದ ಬಂದ 7,054 ಜನರ ದಾಖಲೆಗಳಲ್ಲಿ ಎದ್ದು ಕಂಡದ್ದು ಒತ್ತಡವಲ್ಲ, ತಾಪಮಾನ: 5 ಡಿಗ್ರಿ ಸೆಲ್ಸಿಯಸ್ ಏರಿದರೆ ತಲೆನೋವಿನ ಸಾಧ್ಯತೆ ಶೇಕಡಾ 7.5ರಷ್ಟು ಏರಿತ್ತು. ಇವೆಲ್ಲಕ್ಕಿಂತ ಬೋಧಪ್ರದವಾದದ್ದು 2004ರಲ್ಲಿ ಅಮೆರಿಕದಲ್ಲೇ ಪ್ರಕಟವಾದ, 77 ರೋಗಿಗಳ ಒಂದು ಚಿಕ್ಕ ಅಧ್ಯಯನ. ಹವೆಯಿಂದ ತಮಗೆ ನೋವು ಬರುತ್ತದೆಂದು ನಂಬಿದ್ದವರು 48 ಮಂದಿ. ದಿನಚರಿಯ ಲೆಕ್ಕದಿಂದ ಹಾಗೆಂದು ಕಂಡುಬಂದವರು 39 ಮಂದಿ. ಹವೆಗೆ ಸ್ಪಂದಿಸುವ ತಲೆಗಳು ನಿಜವಾಗಿಯೂ ಇವೆ; ಹಾಗೆಂದು ಭಾವಿಸಿದವರೆಲ್ಲರೂ ಆ ಗುಂಪಿಗೆ ಸೇರುವುದಿಲ್ಲ. ಸ್ಪಂದಿಸುವವರಲ್ಲೂ ಒಬ್ಬರಿಗೆ ಒತ್ತಡ, ಇನ್ನೊಬ್ಬರಿಗೆ ಬಿಸಿಲು, ಮತ್ತೊಬ್ಬರಿಗೆ ತೇವಾಂಶ ಕಾರಣವಾಗಿರುತ್ತದೆ.

ವಾಯುಭಾರ ತಾನೊಂದೇ ಅಪರಾಧಿಯಲ್ಲ ಎಂಬುದನ್ನು ತಿಳಿಯಲು ಪ್ರಯೋಗಾಲಯ ಬೇಕಿಲ್ಲ. ಮುಂಬೈಯ ಮೂವತ್ತು ಅಂತಸ್ತಿನ ಕಟ್ಟಡದಲ್ಲಿ ಲಿಫ್ಟ್ ಏರಿದವರ ಸುತ್ತಣ ಒತ್ತಡ ಒಂದೆರಡು ನಿಮಿಷದಲ್ಲಿ ಸುಮಾರು 10 ಹೆಕ್ಟೋಪಾಸ್ಕಲ್ ಇಳಿಯುತ್ತದೆ. ಪುಣೆಗೆ ಹೋಗುವ ರೈಲು ಕರ್ಜತ್‌ನಿಂದ ಭೋರ್ ಘಟ್ಟವನ್ನೇರಿ ಲೋನಾವಳಾ ತಲುಪುವಷ್ಟರಲ್ಲಿ ಸುಮಾರು 60 ಹೆಕ್ಟೋಪಾಸ್ಕಲ್ ಇಳಿದಿರುತ್ತದೆ. ಮಳೆಮೋಡ ತರುವ ಇಳಿತಕ್ಕಿಂತ ಇದು ಹಲವು ಪಟ್ಟು ದೊಡ್ಡದು. ಒತ್ತಡದ ಇಳಿಕೆಯೊಂದೇ ಸಾಕಾಗಿದ್ದರೆ ಆ ರೈಲಿನ ಮೈಗ್ರೇನ್ ಪೀಡಿತರೆಲ್ಲರೂ ಪ್ರತಿದಿನ ತಲೆ ಹಿಡಿದುಕೊಂಡೇ ಪುಣೆಯಲ್ಲಿ ಇಳಿಯಬೇಕಾಗಿತ್ತು.

ಹಾಗಾದರೆ ಒತ್ತಡಕ್ಕೆ ಪಾತ್ರವೇ ಇಲ್ಲವೇ? ಇದೆ, ಆದರೆ ಅದರ ಮಾರ್ಗ ಇನ್ನೂ ಪೂರ್ತಿ ಬೆಳಕಿಗೆ ಬಂದಿಲ್ಲ. ಜಪಾನಿನ ಸಂಶೋಧಕರು ನರಕ್ಕೆ ಗಾಯವಾದ ಇಲಿಗಳನ್ನು ಒತ್ತಡ ತಗ್ಗಿಸಬಲ್ಲ ಕೋಣೆಯಲ್ಲಿಟ್ಟು ನೋಡಿದಾಗ ಅವುಗಳ ನೋವು ಹೆಚ್ಚಿತು; ಒಳಕಿವಿಯನ್ನು ನಿಷ್ಕ್ರಿಯಗೊಳಿಸಿದ ಇಲಿಗಳಲ್ಲಿ ಹಾಗಾಗಲಿಲ್ಲ. ಎಂದರೆ ದೇಹದ ಸಮತೋಲ ಕಾಯುವ ಒಳಕಿವಿಯೇ ಒಂದು ಬಗೆಯ ವಾಯುಭಾರಮಾಪಕದಂತೆಯೂ ವರ್ತಿಸುತ್ತಿರಬಹುದು. ಮುಖ ಹಾಗೂ ಮೆದುಳಿನ ಪೊರೆಗಳ ಸಂವೇದನೆಯನ್ನು ಒಯ್ಯುವ ಟ್ರೈಜೆಮಿನಲ್ ನರ ಮೈಗ್ರೇನಿನಲ್ಲಿ ಕೆರಳುತ್ತದೆ. ಅದರ ತುದಿಗಳಿಂದ ಸ್ರವಿಸುವ ಸಿಜಿಆರ್‌ಪಿ ಎಂಬ ಪ್ರೋಟೀನು ರಕ್ತನಾಳಗಳನ್ನು ಹಿಗ್ಗಿಸಿ ನೋವನ್ನು ಬೆಳೆಸುತ್ತದೆ. ಈ ನರಜಾಲವು ಈಗಾಗಲೇ ಕೆರಳುವ ಅಂಚಿನಲ್ಲಿದ್ದರೆ ಒಳಕಿವಿಯಿಂದ ಬಂದ ಸಣ್ಣ ಸೂಚನೆಯೂ ಸಾಕಾದೀತು ಎಂಬುದು ಸದ್ಯದ ಊಹೆ.

ಅಂಚು ಎಂಬ ಮಾತು ಇಲ್ಲಿ ಮುಖ್ಯ. ತುಂಬಿದ ಕೊಡಕ್ಕೆ ಕೊನೆಯ ಹನಿ ಬಿದ್ದಾಗ ನೀರು ಚೆಲ್ಲುತ್ತದೆ. ಆದರೆ ಕೊಡವನ್ನು ತುಂಬಿಸಿದ್ದು ಆ ಹನಿಯಲ್ಲ. ಲಖನೌದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯವಿಜ್ಞಾನ ಸಂಸ್ಥೆಯ ವೈದ್ಯರು 182 ಮೈಗ್ರೇನ್ ರೋಗಿಗಳನ್ನು ವಿಚಾರಿಸಿ 2010ರಲ್ಲಿ ಪ್ರಕಟಿಸಿದ ಪಟ್ಟಿಯಲ್ಲಿ ಮಾನಸಿಕ ಒತ್ತಡ ಶೇಕಡಾ 70, ದಣಿವು ಮತ್ತು ಪ್ರಯಾಣ ಶೇಕಡಾ 52.5, ಉಪವಾಸ ಶೇಕಡಾ 46.3, ನಿದ್ದೆಗೇಡು ಶೇಕಡಾ 44.4. ಹವೆಯ ಬದಲಾವಣೆ ಶೇಕಡಾ 10.1 ಮಾತ್ರ. ಈಗ ಮುಂಬೈಯ ಜುಲೈ ತಿಂಗಳ ಒಂದು ದಿನವನ್ನು ನೆನೆಯಬಹುದು. ಹಿಂದಿನ ರಾತ್ರಿ ಸೆಖೆಯಿಂದ ನಿದ್ದೆಯಿಲ್ಲ. ಹಳಿಗಳ ಮೇಲೆ ನೀರು ನಿಂತು ಲೋಕಲ್ ರೈಲು ಎರಡು ಗಂಟೆ ತಡ. ಮಧ್ಯಾಹ್ನದ ಊಟ ಮೂರಕ್ಕೆ. ಶ್ರಾವಣ ಬಂದರಂತೂ ಸೋಮವಾರ, ಶನಿವಾರಗಳ ಉಪವಾಸ ಬೇರೆ. ಸಂಜೆ ಹಣೆ ಸಿಡಿಯತೊಡಗಿದಾಗ ನೆನಪಿಗೆ ಬರುವುದು ಕಿಟಕಿಯಾಚೆಯ ಕರಿಮೋಡವೇ. ತಪ್ಪಿದ ಊಟವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ದೆಹಲಿಯ ಬೇಸಿಗೆಯಲ್ಲಿ ವಾಯುಭಾರಕ್ಕಿಂತ ಬಿಸಿಲಿನ ಝಳ, ಕಣ್ಣು ಕುಕ್ಕುವ ಬೆಳಕು ಮತ್ತು ದೇಹದ ನೀರಿನಂಶದ ನಷ್ಟ ಹೆಚ್ಚು ಹಾನಿಕರ. ಚೆನ್ನೈಯಲ್ಲಿ ತೇವಾಂಶದಿಂದ ಬೆವರು ಆರದೆ ದೇಹ ತಂಪಾಗುವುದಿಲ್ಲ. ಇನ್ನು ಭಾರತದ್ದೇ ಆದ ಒಂದು ವಿಶೇಷವಿದೆ. ಮುಂಬೈಯ ತಲೆನೋವು ತಜ್ಞರೊಬ್ಬರು 2006ರಲ್ಲಿ, ತಲೆಗೆ ಸ್ನಾನ ಮಾಡಿದ ಬಳಿಕ ಮೈಗ್ರೇನ್ ಬರುವ 94 ರೋಗಿಗಳ ವಿವರವನ್ನು ವೈದ್ಯಕೀಯ ನಿಯತಕಾಲಿಕದಲ್ಲಿ ದಾಖಲಿಸಿದರು. “ಒದ್ದೆಕೂದಲಲ್ಲಿ ಇರಬೇಡ” ಎಂಬ ಅಜ್ಜಿಯರ ಎಚ್ಚರಿಕೆಗೆ ಹೀಗೊಂದು ಶಾಸ್ತ್ರೀಯ ಮನ್ನಣೆ ದೊರೆತಂತಾಯಿತು. ಮಳೆಗಾಲದಲ್ಲಿ ಕೂದಲು ಬೇಗ ಆರುವುದಿಲ್ಲವಾದ್ದರಿಂದ ಇಂಥವರ ನೋವೂ ಹವೆಯ ಖಾತೆಗೇ ಜಮೆಯಾಗುತ್ತದೆ.

ಇನ್ನೂ ಸೂಕ್ಷ್ಮವಾದ ಒಂದು ಭ್ರಮೆಯನ್ನು ಹೇಳಬೇಕು. ಮೈಗ್ರೇನ್ ಆರಂಭವಾಗುವುದು ನೋವಿನಿಂದಲ್ಲ. ನೋವಿಗೆ ಕೆಲವು ಗಂಟೆಗಳಿಂದ ಎರಡು ದಿನಗಳಷ್ಟು ಮುಂಚೆಯೇ ಆಕಳಿಕೆ, ಕತ್ತು ಬಿಗಿತ, ಸಿಡುಕು, ಸಿಹಿಯ ಬಯಕೆ, ಬೆಳಕಿನ ಅಸಹನೆ ಕಾಣಿಸಿಕೊಳ್ಳಬಲ್ಲವು. ಆ ಹೊತ್ತಿಗೆ ಮೆದುಳಿನಲ್ಲಿ ಪ್ರಕ್ರಿಯೆ ಶುರುವಾಗಿರುತ್ತದೆ. ಅಂದು ಬಿಸಿಲು ಕಣ್ಣಿಗೆ ಚುಚ್ಚಿತು, ಸಂಜೆ ತಲೆನೋವು ಬಂದಿತು. ಆದ್ದರಿಂದ ಬಿಸಿಲೇ ಕಾರಣ ಎಂದು ರೋಗಿ ತೀರ್ಮಾನಿಸುತ್ತಾನೆ. ನಿಜದಲ್ಲಿ ಬಿಸಿಲು ಚುಚ್ಚಿದ್ದೇ ಮೈಗ್ರೇನಿನ ಮೊದಲ ಹೆಜ್ಜೆಯಾಗಿರಬಹುದು.

ಹವೆಯ ಹೆಸರಿನಲ್ಲಿ ಆಗುವ ಮತ್ತೊಂದು ತಪ್ಪು ‘ಸೈನಸ್’ ಎಂಬ ಪದದ್ದು. ಮಳೆಗಾಲದಲ್ಲಿ ಹಣೆ, ಕಣ್ಣಿನ ಸುತ್ತ ನೋವು, ಜೊತೆಗೆ ಮೂಗಿನಲ್ಲಿ ನೀರು ಬಂದರೆ ಅದು ಸೈನಸ್ ಎಂದೇ ನಿರ್ಧಾರವಾಗುತ್ತದೆ. ಅಮೆರಿಕದಲ್ಲಿ ಹೀಗೆ ಸೈನಸ್ ತಲೆನೋವೆಂದು ತಾವೇ ಭಾವಿಸಿದ್ದ ಅಥವಾ ವೈದ್ಯರು ಹೇಳಿದ್ದ 2,991 ಜನರನ್ನು ಕ್ರಮಬದ್ಧವಾಗಿ ಪರೀಕ್ಷಿಸಿದಾಗ ಶೇಕಡಾ 88 ಮಂದಿಯ ಲಕ್ಷಣಗಳು ಮೈಗ್ರೇನಿನವೇ ಎಂದು 2004ರಲ್ಲಿ ವರದಿಯಾಯಿತು. ಮೈಗ್ರೇನಿನಲ್ಲೂ ಕಣ್ಣು, ಮೂಗುಗಳಲ್ಲಿ ನೀರು ಬರುತ್ತದೆ. ಜ್ವರವಾಗಲಿ ಕೀವಿನಂಥ ಸಿಂಬಳವಾಗಲಿ ಇಲ್ಲದೆ, ವಾಕರಿಕೆಯೊಡನೆ ಮತ್ತೆ ಮತ್ತೆ ಮರುಕಳಿಸುವ ನೋವಿಗೆ ವರ್ಷಗಟ್ಟಲೆ ಹಬೆ ತೆಗೆದುಕೊಳ್ಳುವುದರಿಂದಲೂ ಆ್ಯಂಟಿಬಯಾಟಿಕ್ ನುಂಗುವುದರಿಂದಲೂ ಪ್ರಯೋಜನವಿಲ್ಲ.

ಸತ್ಯವನ್ನು ತಿಳಿಯಲು ಇರುವ ಸಾಧನ ಒಂದು ನೋಟ್‌ಬುಕ್. ಕನಿಷ್ಠ ಮೂರು ತಿಂಗಳ ಕಾಲ, ನೋವು ಬಂದ ದಿನ ಮಾತ್ರವಲ್ಲದೆ ಬಾರದ ದಿನವೂ ಬರೆಯತಕ್ಕದ್ದು. ಬಾರದ ದಿನಗಳ ದಾಖಲೆ ಇಲ್ಲದಿದ್ದರೆ ಮೋಡವಿದ್ದೂ ತಲೆ ಸುಮ್ಮನಿದ್ದ ದಿನಗಳು ಮರೆತೇಹೋಗುತ್ತವೆ. ನೋವಿನ ಆರಂಭದ ವೇಳೆ, ಹಿಂದಿನ ರಾತ್ರಿಯ ನಿದ್ದೆ, ಊಟದ ಸಮಯ, ಕುಡಿದ ನೀರು, ಸ್ತ್ರೀಯರಾದರೆ ಮುಟ್ಟಿನ ದಿನಗಳು, ನುಂಗಿದ ಮಾತ್ರೆ, ಇವುಗಳ ಪಕ್ಕದಲ್ಲಿ ಹವೆಯ ಒಂದು ಸಾಲು ಸಾಕು. ಭಾರತೀಯ ಹವಾಮಾನ ಇಲಾಖೆಯ ವೀಕ್ಷಣಾಲಯಗಳು ಬೆಳಿಗ್ಗೆ 8.30ಕ್ಕೂ ಸಂಜೆ 5.30ಕ್ಕೂ ವಾಯುಭಾರವನ್ನು ದಾಖಲಿಸುತ್ತವೆ. ಹಲವು ಮೊಬೈಲ್ ದೂರವಾಣಿಗಳಲ್ಲೂ ಒತ್ತಡ ಅಳೆಯುವ ಸಾಧನವಿದೆ. ಹೋಲಿಸುವಾಗ ಇಂದಿನ ಬೆಳಗಿನ ಅಂಕಿಯನ್ನು ನಿನ್ನೆ ಅದೇ ಗಂಟೆಯ ಅಂಕಿಯೊಡನೆ ಹೋಲಿಸಬೇಕು. ಬೆಳಗಿನದನ್ನು ಸಂಜೆಯದರೊಡನೆ ಹೋಲಿಸಿದರೆ ನಿತ್ಯದ ಏರಿಳಿತವೇ ದೊಡ್ಡ ಕುಸಿತವೆಂದು ತೋರುತ್ತದೆ. ಮೊಬೈಲಿನ ಅಂಕಿಯನ್ನು ಒಂದೇ ಅಂತಸ್ತಿನಲ್ಲಿ ನೋಡುವುದೂ ಅವಶ್ಯ.

ಮೂರು ತಿಂಗಳ ಬಳಿಕ ಹವೆಯ ಪಾತ್ರ ಸ್ಪಷ್ಟವಾದರೂ ನಿರಾಶರಾಗಬೇಕಿಲ್ಲ. ಹನಿಯನ್ನು ತಡೆಯಲಾಗದಿದ್ದರೂ ಕೊಡವನ್ನು ಅರ್ಧ ಖಾಲಿಯಿಡಬಹುದು. ಚಂಡಮಾರುತದ ಅಥವಾ ಉಷ್ಣದಲೆಯ ಮುನ್ಸೂಚನೆ ಇರುವ ದಿನ ಉಪವಾಸವನ್ನು ಮುಂದೂಡುವುದು, ಹೊತ್ತಿಗೆ ಸರಿಯಾಗಿ ಊಟ, ನಿದ್ದೆ, ನೀರು ಅಥವಾ ಮಜ್ಜಿಗೆ, ಬಿಸಿಲಿಗೆ ಟೋಪಿ ಅಥವಾ ಕೊಡೆ, ತಲೆಸ್ನಾನವನ್ನು ಬೇರೆ ದಿನಕ್ಕೆ ಇಡುವುದು, ಇವು ಖರ್ಚಿಲ್ಲದ ಕ್ರಮಗಳು. ನೋವು ಆರಂಭವಾದರೆ ವೈದ್ಯರು ಸೂಚಿಸಿದ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ ಬೇಗನೆ ತೆಗೆದುಕೊಳ್ಳುವುದು, ತಡೆದು ತಡೆದು ಕೊನೆಗೆ ನುಂಗುವುದಕ್ಕಿಂತ ಮೇಲು. ಆದರೆ ಲೆಕ್ಕವಿರಲಿ. ಸಾಧಾರಣ ನೋವುನಿವಾರಕವನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಎರಡು ಮೂರು ಔಷಧಗಳು ಬೆರೆತ ಮಾತ್ರೆಗಳನ್ನೂ ಟ್ರಿಪ್ಟಾನ್ ವರ್ಗದ ಮೈಗ್ರೇನ್ ಮಾತ್ರೆಗಳನ್ನೂ 10 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗಿದರೆ ಔಷಧದಿಂದಲೇ ದಿನನಿತ್ಯದ ತಲೆನೋವು ಹುಟ್ಟಬಹುದು. ಮಳೆಗಾಲ ಪೂರ್ತಿ ತಲೆ ನೋಯುತ್ತದೆ ಎನ್ನುವವರ ಮಾತ್ರೆಯ ಡಬ್ಬಿಯನ್ನು ಮೊದಲು ನೋಡಬೇಕಾಗುತ್ತದೆ. ತಿಂಗಳಿಗೆ ನಾಲ್ಕು ದಿನಕ್ಕಿಂತ ಹೆಚ್ಚು ನೋವಿದ್ದರೆ, ಬರದಂತೆ ತಡೆಯುವ ಔಷಧಗಳನ್ನು ಕುರಿತು ವೈದ್ಯರೊಡನೆ ಸಮಾಲೋಚಿಸುವುದು ಯುಕ್ತ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್ ಮೊದಲಾದ ಇಂಥ ಔಷಧಗಳು ಹಳೆಯವು, ಅಗ್ಗದವು, ಭಾರತದಲ್ಲಿ ಸುಲಭವಾಗಿ ದೊರೆಯುವಂಥವು. ಆಸ್ತಮಾ ಇರುವವರು, ಗರ್ಭಿಣಿಯರು ಇವನ್ನು ಸ್ವಂತ ನಿರ್ಧಾರದಿಂದ ಸೇವಿಸಬಾರದು.

ಹವೆ ಹೇಗೇ ಇರಲಿ, ಕೆಲವು ತಲೆನೋವುಗಳು ಮೈಗ್ರೇನ್ ಅಲ್ಲ. ಸಿಡಿಲು ಬಡಿದಂತೆ ಒಂದೇ ನಿಮಿಷದಲ್ಲಿ ತೀವ್ರಗೊಳ್ಳುವ ನೋವು, ಜ್ವರದೊಡನೆ ಕತ್ತು ಬಗ್ಗದಿರುವುದು, ಕೈಕಾಲು ಸೋಲುವುದು, ಮಾತು ತೊದಲುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಐವತ್ತು ವರ್ಷ ದಾಟಿದ ಮೇಲೆ ಮೊದಲ ಸಲ ಬಂದ ತಲೆನೋವು, ಗರ್ಭಿಣಿಯರಲ್ಲಿ ಹೊಸದಾಗಿ ಬಂದ ತೀವ್ರ ತಲೆನೋವು, ಇವುಗಳಲ್ಲಿ ಯಾವುದಿದ್ದರೂ ತಡಮಾಡದೆ ಆಸ್ಪತ್ರೆ ಸೇರತಕ್ಕದ್ದು. ಬಿಸಿಲಿನ ದಿನ ತಲೆನೋವಿನೊಡನೆ ಮೈ ಕೆಂಡದಂತೆ ಕಾದು ಮಾತು ತಡಬಡಿಸಿದರೆ ಅದು ಶಾಖಾಘಾತ. ವಾಹನ ಬರುವವರೆಗೆ ಕಾಯದೆ ರೋಗಿಯನ್ನು ನೆರಳಿಗೆ ಒಯ್ದು, ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿದು ಗಾಳಿ ಹಾಕುತ್ತಿರಬೇಕು.